ಬೆತ್ತವಿಲ್ಲದ ಗುರು: ಟಿ. ಎಚ್. ವೈಟನ ಜೀವನ

ಮಾಂತ್ರಿಕ ವಿದ್ಯೆ ಕಲಿಯಲು ಶಾಲೆಗೆ ಹೋಗುವ ಹುಡುಗನ ಕಥೆ ಇಂದು ಲೋಕದ ಬಹುಪಾಲು ಮಕ್ಕಳಿಗೆ ಪರಿಚಿತವಾದುದು. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ 1997ರಲ್ಲಿ ಬೆಳಕು ಕಂಡ ಮೇಲೆ ಆ ಶಾಲೆಯ ಗೋಪುರಗಳೂ ಅದರ ಉದ್ದ ಗಡ್ಡದ ಮುಖ್ಯೋಪಾಧ್ಯಾಯನೂ ನಮ್ಮ ಮನೆಗಳ ಮಕ್ಕಳ ಮಾತಿನಲ್ಲಿ ಸಲೀಸಾಗಿ ಓಡಾಡತೊಡಗಿದವು. ಅದಕ್ಕೂ ಸುಮಾರು ಮೂವತ್ತು ವರ್ಷ ಹಿಂದೆ, 1968ರಲ್ಲಿ, ಅಮೆರಿಕದ ಅರ್ಸುಲಾ ಲೆ ಗ್ವಿನ್ ಒಂದು ದ್ವೀಪದ ಮೇಲೆ ಮಾಂತ್ರಿಕರ ವಿದ್ಯಾಶಾಲೆಯೊಂದನ್ನು ಕಲ್ಪಿಸಿದ್ದರು. ಇನ್ನೂ ಹಿಂದಕ್ಕೆ ಸರಿದರೆ 1938ರ ಒಂದು ಪುಸ್ತಕ ನಮ್ಮ ಕೈಗೆ ಸಿಗುತ್ತದೆ. ಅದರಲ್ಲಿ ಶಾಲೆಯಿಲ್ಲ; ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಕೋಟೆ, ಅದನ್ನು ಸುತ್ತುವರಿದ ಕಾಡು, ಇಷ್ಟೇ. ಆ ಪುಸ್ತಕದ ಹುಡುಗನೇ ತಮ್ಮ ಹುಡುಗನ ಮಾನಸಿಕ ಪೂರ್ವಜನೆಂದು ರೌಲಿಂಗ್ ಅವರೇ ಹೇಳಿದ್ದಾರೆ.

ಪುಸ್ತಕದ ಹೆಸರು ‘ದಿ ಸೋರ್ಡ್ ಇನ್ ದಿ ಸ್ಟೋನ್’. ಕಲ್ಲಿನಲ್ಲಿ ನೆಟ್ಟ ಖಡ್ಗ ಎಂದು ನಾವು ಕರೆಯಬಹುದು. ಬರೆದವನು ಟೆರೆನ್ಸ್ ಹ್ಯಾನ್ಬರಿ ವೈಟ್. ನಾನು ಈ ಗ್ರಂಥವನ್ನು ಮೊದಲು ಓದಿದ್ದು ಮಕ್ಕಳ ಪುಸ್ತಕವೆಂದು. ಎರಡನೆಯ ಸಲ ಓದಿದ್ದು ಪಾಠ ಹೇಳುವ ವೃತ್ತಿಗೆ ಇಳಿದ ಮೇಲೆ. ಎರಡನೆಯ ಓದಿನಲ್ಲಿ ಅದು ಬೇರೆಯದೇ ಪುಸ್ತಕವಾಗಿ ತೋರಿತು. ಏಟು ತಿಂದು ಬೆಳೆದ ಒಬ್ಬ ಮನುಷ್ಯ, ತಾನು ಎಂದೂ ಕಾಣದ ಗುರುವನ್ನು ತನ್ನ ಲೇಖನಿಯಿಂದ ಸೃಷ್ಟಿಸಿ, ಆ ಗುರುವಿನ ಮುಂದೆ ತಾನೇ ಹುಡುಗನಾಗಿ ಕುಳಿತುಕೊಂಡ ಚಿತ್ರ ಅಲ್ಲಿ ಕಂಡಿತು. ಅವನ ಬಾಳಿನ ಕಥೆಯನ್ನು ತಿಳಿದ ಮೇಲೆ ಆ ಭಾವನೆ ಇನ್ನಷ್ಟು ಗಟ್ಟಿಯಾಯಿತು. ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಆ ಕಥೆಯಲ್ಲಿ ಪಾಲಿದೆಯೆಂದು ನಂಬಿ ಇಲ್ಲಿ ಹೇಳಲು ಹೊರಟಿದ್ದೇನೆ.

ವೈಟ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಮುಂಬಯಿಯಲ್ಲಿ. 1906ನೆಯ ಮೇ 29ರಂದು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ತಂದೆ ಗ್ಯಾರಿಕ್ ವೈಟ್ ಇಂಡಿಯದ ಪೋಲೀಸ್ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್. ತಾಯಿ ಕಾನ್ಸ್ಟೆನ್ಸ್. ತಂದೆ ಕುಡುಕ, ಮುಂಗೋಪಿ. ತಾಯಿ ತಾನು ಪ್ರೀತಿ ಬೇಡುವವಳೇ ಹೊರತು ಕೊಡುವವಳಲ್ಲ. ತನ್ನ ತೊಟ್ಟಿಲ ಎರಡು ಪಕ್ಕದಲ್ಲಿ ತಂದೆತಾಯಿಗಳು ನಿಂತು ಒಂದು ಪಿಸ್ತೂಲಿಗಾಗಿ ಸೆಣಸುತ್ತ, ಒಬ್ಬರನ್ನೊಬ್ಬರು ಕೊಲ್ಲುವ ಮಾತಾಡುತ್ತ, ಆದರೆ ಮೊದಲ ಗುಂಡು ಮಗುವಿಗೇ ಎನ್ನುತ್ತಿದ್ದರೆಂದು ಅವನು ದೊಡ್ಡವನಾದ ಮೇಲೆ ಹೇಳಿಕೊಳ್ಳುತ್ತಿದ್ದ. ತೊಟ್ಟಿಲ ಕೂಸಿಗೆ ಅಂಥ ನೆನಪು ಉಳಿದೀತೇ ಎಂದು ಕೇಳಬಹುದು. ಉಳಿಯದಿದ್ದರೂ ಸರಿಯೇ, ತನ್ನ ಬಾಲ್ಯವನ್ನು ಒಬ್ಬ ಮನುಷ್ಯ ಯಾವ ಚಿತ್ರದಿಂದ ಆರಂಭಿಸುತ್ತಾನೆಂಬುದೇ ನಮಗೆ ಬೇಕಾದಷ್ಟನ್ನು ತಿಳಿಸುತ್ತದೆ.

ಇನ್ನೊಂದು ನೆನಪೂ ಇದೆ. ತಂದೆ ಮಗನಿಗೊಂದು ಮರದ ಕೋಟೆ ಮಾಡಿಸಿಕೊಟ್ಟ. ಹುಡುಗ ಒಳಗೆ ಹೋಗಿ ಕೂರುವಷ್ಟು ದೊಡ್ಡದು. ಅದರ ಕೊತ್ತಳಗಳ ಕೆಳಗೆ ನಿಜವಾದ ಪಿಸ್ತೂಲಿನ ನಳಿಗೆಗಳನ್ನು ಕೂಡಿಸಿದ್ದ. ಹುಟ್ಟುಹಬ್ಬದ ದಿನ ಅವುಗಳಿಂದ ಮರ್ಯಾದೆಯ ತೋಪು ಹಾರಬೇಕು. ತೋಪನ್ನು ಸ್ವೀಕರಿಸಲು ಮಗುವನ್ನು ಕೋಟೆಯ ಮುಂದೆ ಕೂರಿಸಿದರು. ತನ್ನನ್ನು ಕೊಲ್ಲುವುದಕ್ಕೇ ಇಷ್ಟೆಲ್ಲ ಸಿದ್ಧತೆಯೆಂದು ಭಾವಿಸಿ ಮಗು ಅತ್ತಿತು. ತಂದೆ ಪ್ರೀತಿಯಿಂದಲೇ ಮಾಡಿದ್ದಿರಬೇಕು. ಮುಂದೆ ಈ ಮಗುವೇ ಒಂದು ಕೋಟೆಯನ್ನು ಕಟ್ಟಿತು. ಆ ಕೋಟೆಯಲ್ಲಿ ಮಕ್ಕಳಿಗೆ ಭಯಪಡುವ ಕಾರಣವಿರಲಿಲ್ಲ. ಆದರೆ ಅದಕ್ಕೆ ಇನ್ನೂ ಕಾಲವಿತ್ತು.

ಐದು ವರ್ಷದ ಆಸುಪಾಸಿನಲ್ಲಿ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದು, ಸಮುದ್ರ ತೀರದ ಸೇಂಟ್ ಲಿಯೊನಾರ್ಡ್ಸ್ ಪಟ್ಟಣದಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟರು. ಕೆಲವು ವರ್ಷ ನೆಮ್ಮದಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ನೆಮ್ಮದಿ ಎರಡು ಬಗೆಯಿಂದ ಮುರಿಯಿತು. ತಂದೆತಾಯಿಗಳು ಬೇರೆಯಾದರು, ಹುಡುಗ ಚೆಲ್ಟೆನ್‌ಹ್ಯಾಮ್ ಕಾಲೇಜಿಗೆ ಸೇರಿದ. ಕಾಲೇಜೆಂದರೆ ಅದೊಂದು ವಸತಿಶಾಲೆ. ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರುಮಾಡುವ ಗತ್ತು ಅಲ್ಲಿಯದು. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಬೆತ್ತದಿಂದ ಹೊಡೆಯುವುದು ಅಲ್ಲಿ ಅಧಿಕೃತವಾದ ವ್ಯವಸ್ಥೆ. ವೈಟ್ ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಅವನ ಮನಸ್ಸಿನ ಅನೇಕ ಗಂಟುಗಳು ಬಿದ್ದದ್ದು ಅಲ್ಲಿಯೇ ಎಂಬುದು ಅವನ ಜೀವನ ಚರಿತ್ರೆಯನ್ನು ಓದಿದವರಿಗೆ ತಿಳಿಯುತ್ತದೆ. ಒಬ್ಬ ಇಂಗ್ಲಿಷ್ ಉಪಾಧ್ಯಾಯರು ಮಾತ್ರ ಈ ಹುಡುಗನ ಬರವಣಿಗೆಯಲ್ಲಿ ಸತ್ವವನ್ನು ಗುರುತಿಸಿ ಬೆನ್ನು ತಟ್ಟಿದರು. ಸಾವಿರ ಏಟಿನ ನಡುವೆ ಬೆನ್ನು ತಟ್ಟುವ ಒಂದು ಕೈ ಎಷ್ಟು ದೂರ ನಡೆಸುತ್ತದೆಂಬುದನ್ನು ನಮ್ಮಲ್ಲಿಯೂ ಹಳ್ಳಿಯ ಶಾಲೆಗಳಲ್ಲಿ ಓದಿದವರು ಬಲ್ಲರು. ನಾನು ಓದಿದ ಶಾಲೆಯಲ್ಲಿ ಹುಣಿಸೆಯ ಬರಲಿಗೆ ತನ್ನದೇ ಆದ ಮೊಳೆಯಿತ್ತು, ಪ್ರತಿ ಸೋಮವಾರ ಹೊಸ ಬರಲು ಅಲ್ಲಿ ತೂಗುತ್ತಿತ್ತು. ಅದರ ಮಾತು ಇಲ್ಲಿ ಬೇಡ.

ಕೇಂಬ್ರಿಜ್ಜಿನ ಕ್ವೀನ್ಸ್ ಕಾಲೇಜು ವೈಟನಿಗೆ ಎರಡನೆಯ ಜನ್ಮ ಕೊಟ್ಟಿತೆನ್ನಬಹುದು. ಅಲ್ಲಿ ಅವನಿಗೆ ಎಲ್. ಜೆ. ಪಾಟ್ಸ್ ಎಂಬ ಅಧ್ಯಾಪಕರು ದೊರೆತರು. ಗುರುವಾಗಿ ಬಂದ ಪಾಟ್ಸ್ ಬದುಕಿನುದ್ದಕ್ಕೂ ಗೆಳೆಯನಾಗಿ, ವಿಮರ್ಶಕನಾಗಿ ಉಳಿದರು. ಗೆಳೆಯರು ವೈಟನನ್ನು ಟಿಮ್ ಎಂದು ಕರೆಯಲು ಪ್ರಾರಂಭಿಸಿದ್ದೂ ಇಲ್ಲಿಯೇ. ಟಿಮೊತಿ ವೈಟ್ ಎಂಬ ಔಷಧದಂಗಡಿಗಳ ಹೆಸರು ಆಗ ಊರೂರಿನಲ್ಲಿ ಇದ್ದುದೇ ಅದಕ್ಕೆ ಕಾರಣ. ಓದಿನ ನಡುವೆ ಕ್ಷಯ ತಗುಲಿತು. ಆಗ ಅಧ್ಯಾಪಕರೆಲ್ಲ ತಮ್ಮ ತಮ್ಮೊಳಗೆ ಹಣ ಕೂಡಿಸಿ, ಗಾಳಿ ಬದಲಾವಣೆಗೆಂದು ಆ ವಿದ್ಯಾರ್ಥಿಯನ್ನು ಇಟಲಿಗೆ ಕಳುಹಿಸಿಕೊಟ್ಟರು. ಅಧ್ಯಾಪಕರು ಅಂಥ ಕೆಲಸ ಮಾಡಿದ ಉದಾಹರಣೆಗಳು ನಮ್ಮ ಮೈಸೂರಿನ ಕಾಲೇಜುಗಳ ಚರಿತ್ರೆಯಲ್ಲಿಯೂ ಇಲ್ಲದಿಲ್ಲ. ಅವನು ಗುಣಹೊಂದಿ ಹಿಂದಿರುಗಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಓದುತ್ತಿದ್ದಾಗ ಅವನು ಬರೆದ ಪ್ರಬಂಧವೊಂದರ ವಿಷಯ ಮ್ಯಾಲೊರಿಯ ಆರ್ಥರ್ ರಾಜನ ಕಥೆ. ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿದ ಆ ಗ್ರಂಥ ಇಂಗ್ಲಿಷರಿಗೆ ಒಂದು ಬಗೆಯ ಭಾರತವೇ ಸರಿ: ಒಡೆದ ಕುಲ, ದಾಯಾದಿ ಕಲಹ, ಕೊನೆಗೆ ಎಲ್ಲರೂ ಅಳಿಯುವ ಒಂದು ಯುದ್ಧ. ಪ್ರಬಂಧ ಬರೆದು ಮುಗಿಸಿದ ವೈಟ್ ಪುಸ್ತಕವನ್ನು ಬದಿಗಿಟ್ಟ. ಅದು ಹತ್ತು ವರ್ಷ ಹಾಗೆಯೇ ಇತ್ತು.

ಆಮೇಲೆ ಅವನು ಉಪಾಧ್ಯಾಯನಾದ. ಮೊದಲು ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ, 1932ರಿಂದ ಬಕಿಂಗ್‌ಹ್ಯಾಮ್‌ಷೈರಿನ ಸ್ಟೋ ಶಾಲೆಯಲ್ಲಿ. ಸ್ಟೋ 1923ರಲ್ಲಷ್ಟೇ ಪ್ರಾರಂಭವಾಗಿದ್ದ ಹೊಸ ಶಾಲೆ. ಹಳೆಯ ಡ್ಯೂಕರ ಅರಮನೆಯಲ್ಲಿ, ವಿಶಾಲವಾದ ಉದ್ಯಾನದ ನಡುವೆ ನಡೆಯುತ್ತಿತ್ತು. ಅದರ ಮುಖ್ಯೋಪಾಧ್ಯಾಯರಾದ ರಾಕ್ಸ್‌ಬರೊ ಉದಾರ ಮನಸ್ಸಿನವರು. ವೈಟ್ ಇಂಗ್ಲಿಷ್ ವಿಭಾಗದ ಮುಖ್ಯಸ್ಥನಾದ. ತನ್ನ ಕೊಠಡಿಯಲ್ಲಿ ಹಾವುಗಳನ್ನು ಸ್ವೇಚ್ಛೆಯಾಗಿ ಬಿಟ್ಟು ಸಾಕಿದ. ವಿಮಾನ ಹಾರಿಸಲು ಕಲಿತ. ಕಲಿಯಲು ಕಾರಣ ಧೈರ್ಯವಲ್ಲ, ಎತ್ತರವೆಂದರೆ ಅವನಿಗಿದ್ದ ಹೆದರಿಕೆ. ಯಾವುದಕ್ಕೆ ಹೆದರಿಕೆಯೋ ಅದನ್ನು ವಿದ್ಯೆಯಾಗಿ ಅಭ್ಯಾಸ ಮಾಡುವುದು ಅವನ ಸ್ವಭಾವ. ಮೀನು ಹಿಡಿಯುವುದು, ಕುದುರೆ ಸವಾರಿ, ಬೇಟೆ, ಎಲ್ಲವನ್ನೂ ಹಟ ಹಿಡಿದು ಕಲಿತು, ಆ ದಿನಚರಿಯನ್ನು 1936ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದ. ಅದು ಚೆನ್ನಾಗಿ ಮಾರಾಟವಾಯಿತು. ಅದರ ಬಲದ ಮೇಲೆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಶಾಲೆಯ ಎಸ್ಟೇಟಿನಲ್ಲಿದ್ದ ಬೇಟೆಗಾವಲುಗಾರನ ಹಳೆಯ ಗುಡಿಸಲಿನಲ್ಲಿ ವಾಸಕ್ಕೆ ಹೋದ. ವಿದ್ಯುತ್ತಿಲ್ಲ, ನೆರೆಯವರಿಲ್ಲ. ಜೊತೆಗಿದ್ದುದು ಬ್ರೌನಿ ಎಂಬ ಕೆಂಪು ಬಣ್ಣದ ಬೇಟೆನಾಯಿ.

ಇಲ್ಲಿ ನಡೆದದ್ದು ಅವನ ಬಾಳಿನ ಮುಖ್ಯ ಘಟನೆ. ಅದರ ನಾಯಕ ಒಂದು ಪಕ್ಷಿ.

ಗಾಸ್‌ಹಾಕ್ ಎಂಬ ಬೇಟೆಯ ಗಿಡುಗವೊಂದನ್ನು ಅವನು ಜರ್ಮನಿಯಿಂದ ತರಿಸಿಕೊಂಡ. ಬುಟ್ಟಿಯೊಂದರಲ್ಲಿ, ಗೋಣಿತಟ್ಟಿನ ಹೊದಿಕೆಯ ಕೆಳಗೆ, ಕೋಪದಿಂದ ಕುದಿಯುತ್ತ ಅದು ಬಂದಿತು. ಗಿಡುಗವನ್ನು ಪಳಗಿಸುವ ವಿದ್ಯೆ ನಮ್ಮ ನಾಡಿಗೇನೂ ಹೊಸದಲ್ಲ. ಬೇಟೆಯ ಹಕ್ಕಿಗೆ ಸಾಳುವವೆಂಬ ಹೆಸರು ನಮ್ಮ ಹಳೆಯ ಕನ್ನಡದಲ್ಲಿಯೇ ಇದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಶ್ಯೇನವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದ್ದಾನೆ. ವೈಟ್ ಆಶ್ರಯಿಸಿದ್ದು 1619ರ ಒಂದು ಇಂಗ್ಲಿಷ್ ಗ್ರಂಥವನ್ನು. ಅದರ ವಿಧಾನ ಹೀಗೆ: ಪಕ್ಷಿಯನ್ನು ಹೊಡೆಯಕೂಡದು, ಗದರಿಸಕೂಡದು, ಕೈಗವಸಿನ ಮೇಲೆ ಕೂರಿಸಿಕೊಂಡು ನಿದ್ದೆಗೆಡಿಸಬೇಕು. ಪಕ್ಷಿ ನಿದ್ದೆ ಮಾಡಕೂಡದೆಂದರೆ ಮನುಷ್ಯನೂ ನಿದ್ದೆ ಮಾಡುವ ಹಾಗಿಲ್ಲ. ಕೊನೆಗೆ ಪಕ್ಷಿ ಸೋತು, ಮನುಷ್ಯನ ಮುಷ್ಟಿಯ ಮೇಲೆಯೇ ನಂಬಿಕೆಯಿಟ್ಟು ಕಣ್ಣು ಮುಚ್ಚಬೇಕು. ಮೂರು ರಾತ್ರಿ ಅವನು ಹಾಗೆ ಕಳೆದ. ಪಕ್ಷಿ ಮುಷ್ಟಿಯಿಂದ ಚಿಮ್ಮಿ, ಕಾಲಿಗೆ ಕಟ್ಟಿದ ತೊಗಲ ಪಟ್ಟಿಯಲ್ಲಿ ತಲೆಕೆಳಗಾಗಿ ನೇತಾಡಿದಾಗಲೆಲ್ಲ ಅದನ್ನು ಮೆಲ್ಲನೆ ಎತ್ತಿ ಮತ್ತೆ ಕೂರಿಸುವುದು, ಮತ್ತೆ ಚಿಮ್ಮುವುದು, ಮತ್ತೆ ಎತ್ತುವುದು. ಸಿಟ್ಟು ಬಂದರೆ ಕೆಲಸ ಕೆಟ್ಟಿತು. ಗಿಡುಗಕ್ಕೆ ದಂಡನೆಯ ಅರ್ಥ ತಿಳಿಯುವುದಿಲ್ಲ. ಒಂದು ಬಾರಿ ಗದರಿದರೆ ವಾರಗಳ ಶ್ರಮ ಮಣ್ಣುಪಾಲಾಗುತ್ತದೆ.

ಈ ಭಾಗವನ್ನು ನಾನು ಓದುವಾಗ, ಯಾರು ಯಾರನ್ನು ಪಳಗಿಸುತ್ತಿದ್ದಾರೆಂಬ ಸಂಶಯ ಬರುತ್ತಿತ್ತು. ತನ್ನ ಅಂತರಂಗದಲ್ಲಿ ಕ್ರೌರ್ಯದ ಒಂದು ಬಯಕೆ ಅಡಗಿದೆಯೆಂದು ವೈಟನಿಗೆ ತಿಳಿದಿತ್ತು. ಸಿಲ್ವಿಯಾ ಟೌನ್ಸೆಂಡ್ ವಾರ್ನರ್ 1967ರಲ್ಲಿ ಬರೆದ ಅವನ ಜೀವನ ಚರಿತ್ರೆ ಈ ಸಂಗತಿಯನ್ನು ಮುಚ್ಚಿಡದೆ, ಕೆಸರೆರಚದೆ ಹೇಳಿದೆ. ಹೊಡೆಸಿಕೊಂಡವನಿಗೆ ಎರಡು ದಾರಿಗಳುಂಟು. ತಾನೂ ಹೊಡೆಯುವುದು ಸುಲಭವಾದ ದಾರಿ. ಉಪಾಧ್ಯಾಯ ವೃತ್ತಿಯಲ್ಲಿ ಆ ದಾರಿಗೆ ಸಮಾಜದ ಒಪ್ಪಿಗೆಯೂ ಇತ್ತು. ವೈಟ್ ಪ್ರತಿ ದಿನ ತನ್ನ ಕೈಯನ್ನು ತಾನೇ ತಡೆದು ಹಿಡಿಯಬೇಕಾಗಿತ್ತು. ತೊಗಲ ಗವಸಿನ ಮೇಲೆ ಕುಳಿತ ಆ ಪಕ್ಷಿ ಅವನ ತಾಳ್ಮೆಯ ಪರೀಕ್ಷಾಧಿಕಾರಿಯಾಯಿತು.

ಪರೀಕ್ಷೆಯಲ್ಲಿ ಅವನು ತೇರ್ಗಡೆಯಾದನೆಂದು ಹೇಳಲಾರೆ. ಪಕ್ಷಿ ಹೆಚ್ಚು ಕಡಿಮೆ ಪಳಗಿತ್ತು. ಅಷ್ಟರಲ್ಲಿ, ಕಟ್ಟಿದ್ದ ಹುರಿ ಹರಿದು ಹಾರಿಹೋಯಿತು. ಆ ಹುರಿ ಮೊದಲೇ ಹರಿದು ಗಂಟು ಬಿದ್ದದ್ದು. ಅದನ್ನೇ ಬಳಸಿದ್ದು ಅವನ ಅಜಾಗ್ರತೆ. ದಿನಗಟ್ಟಲೆ ಕಾಡಿನಲ್ಲಿ ಅಲೆದ, ಕರೆದ, ಮರದಡಿ ಕಾದ. ಅದು ಮರಳಿ ಬರಲಿಲ್ಲ. ಈ ಸೋಲಿನ ಕಥೆಯನ್ನು ಬರೆದು ಮೂಲೆಗೆ ಹಾಕಿದ. ಅದು ಪ್ರಕಟವಾದದ್ದು 1951ರಲ್ಲಿ. ತಾನು ಅನುಸರಿಸಿದ ವಿಧಾನ ಬಹಳ ಹಿಂದೆಯೇ ಬಳಕೆ ತಪ್ಪಿದ್ದೆಂದು ಆಗ ಅವನೇ ಹಿನ್ನುಡಿಯಲ್ಲಿ ತಿಳಿಸಿದ. 2014ರಲ್ಲಿ ಹೆಲೆನ್ ಮ್ಯಾಕ್‌ಡೊನಾಲ್ಡ್ ತನ್ನ ಗಿಡುಗದ ಪುಸ್ತಕದಲ್ಲಿ ವೈಟನ ಈ ಕಥೆಯನ್ನೂ ಹೆಣೆದುದರಿಂದ ಹೊಸ ತಲೆಮಾರಿನ ವಾಚಕರಿಗೆ ಅದರ ಪರಿಚಯವಾಯಿತು.

ಆ ಒಂಟಿ ಗುಡಿಸಲಿನಲ್ಲಿ, 1937ರ ಕೊನೆಯ ತಿಂಗಳುಗಳಲ್ಲಿ, ಬೇರೇನೂ ಓದಲು ತೋಚದೆ ಅವನು ಮ್ಯಾಲೊರಿಯನ್ನು ಕೈಗೆತ್ತಿಕೊಂಡ. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಯ ವಸ್ತುವಾಗಿದ್ದ ಗ್ರಂಥ ಈಗ ಮನುಷ್ಯರ ಕಥೆಯಾಗಿ ಕಂಡಿತು. ಅಲ್ಲಿಯ ರಾಜ, ರಾಣಿ, ಯೋಧರೆಲ್ಲ ನಾವು ನೀವು ಕಂಡು ಬಲ್ಲ ಜನರೇ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಆ ಆಶ್ಚರ್ಯವನ್ನು ಪಾಟ್ಸರಿಗೆ ಕಾಗದದಲ್ಲಿ ತಿಳಿಸಿದ. ಆದರೆ ಮ್ಯಾಲೊರಿ ಆರ್ಥರನ ಬಾಲ್ಯವನ್ನು ಹೇಳಿಯೇ ಇಲ್ಲವೆಂದರೂ ಸಲ್ಲುತ್ತದೆ. ಮಗುವನ್ನು ಸಾಕು ತಂದೆಗೆ ಒಪ್ಪಿಸಿದ ಮಾತು ಬರುತ್ತದೆ, ಮರುಕ್ಷಣವೇ ಯುವಕನೊಬ್ಬ ಖಡ್ಗವನ್ನು ಕಲ್ಲಿನಿಂದ ಕೀಳುತ್ತಾನೆ. ನಡುವಣ ವರ್ಷಗಳು ಖಾಲಿ. ಆ ಖಾಲಿ ಜಾಗದಲ್ಲಿ ವೈಟ್ ತನ್ನ ಪುಸ್ತಕವನ್ನು ಕಟ್ಟಿದ.

ಕಥೆ ಹೀಗಿದೆ. ಕಾಡಿನಂಚಿನ ಒಂದು ಕೋಟೆ. ಅದರ ಒಡೆಯ ಸರ್ ಎಕ್ಟರ್, ಒರಟಾದರೂ ಒಳ್ಳೆಯವನು. ಅವನ ಮಗ ಕೇ. ಆ ಮನೆಯಲ್ಲಿ ಬೆಳೆಯುವ ತಂದೆತಾಯಿ ಯಾರೆಂದು ತಿಳಿಯದ ಹುಡುಗನಿಗೆ ವಾರ್ಟ್ ಎಂದು ಹೆಸರು. ಆ ಮಾತಿಗೆ ನರುಳ್ಳೆಯೆಂದು ಅರ್ಥ. ಆರ್ಟ್ ಎಂಬುದಕ್ಕೆ ಪ್ರಾಸವಾಗಲೆಂದು ಬಿದ್ದ ಅಡ್ಡ ಹೆಸರು. ಹುಲ್ಲು ಕೊಯ್ಯುವ ಕಾಲದಲ್ಲಿ ಕೇ ತನ್ನ ದುಡುಕಿನಿಂದ ಒಂದು ಗಿಡುಗವನ್ನು ಕಳೆಯುತ್ತಾನೆ, ಸಿಡುಕಿ ಮನೆಗೆ ಹೋಗಿಬಿಡುತ್ತಾನೆ. ಪಳಗಿಸಿದವನ ಶ್ರಮ ಹಾಳಾಗಬಾರದೆಂದು ವಾರ್ಟ್ ಮಾತ್ರ ಅದನ್ನು ಹುಡುಕುತ್ತ ರಾತ್ರಿ ಕಾಡಿಗೆ ಹೋಗುತ್ತಾನೆ. ತನ್ನ ಕೈಯಿಂದ ಹಾರಿಹೋದ ಪಕ್ಷಿಯನ್ನು ಲೇಖಕ ಇಲ್ಲಿ ಮತ್ತೆ ಹುಡುಕಿಸುತ್ತಿದ್ದಾನೆ. ಈ ಸಲ ಹುಡುಕಿದವನಿಗೆ ಒಬ್ಬ ಗುರು ಸಿಗುತ್ತಾನೆ. ಅವನೇ ಮರ್ಲಿನ್.

ಮರ್ಲಿನ್ ಹೆಸರು ಹಳೆಯದು. ಆದರೆ ವೈಟನ ಮರ್ಲಿನ್ ಹೊಸಬ. ಅವನ ಮೇಲಂಗಿಯ ಮೇಲೆಲ್ಲ ಹಕ್ಕಿಗಳ ಹಿಕ್ಕೆ, ಹೆಗಲ ಮೇಲೆ ಆರ್ಕಿಮಿಡೀಸ್ ಎಂಬ ಗೂಬೆ, ಗುಡಿಸಲಿನ ತುಂಬ ಪುಸ್ತಕ, ಪ್ರಾಣಿ, ಸೀಸೆ. ಮಂತ್ರ ಹಾಕಿದರೆ ಬೇಡದ ಟೋಪಿಯೇ ಬಂದು ತಲೆಯ ಮೇಲೆ ಕೂತೀತು. ಅವನು ಕಾಲದಲ್ಲಿ ಹಿಂದು ಮುಂದಾಗಿ ಬದುಕುತ್ತಾನೆ. ಮುಂದೆ ಆಗುವುದೆಲ್ಲ ಅವನಿಗೆ ಆಗಲೇ ಆಗಿಹೋಗಿದೆ. ಹೀಗಾಗಿ ತನ್ನ ಶಿಷ್ಯನ ಕೊನೆ ಏನೆಂದು ಮೊದಲ ದಿನವೇ ಅವನು ಬಲ್ಲ. ಬಲ್ಲನಾದರೂ ಪಾಠ ಹೇಳುತ್ತಾನೆ. ಇದಕ್ಕಿಂತ ಕರುಣಾಜನಕವಾದ ಉಪಾಧ್ಯಾಯನ ಕಲ್ಪನೆ ನನಗೆ ಬೇರೆಲ್ಲಿಯೂ ಕಂಡಿಲ್ಲ. ಆದರೂ ಪುಸ್ತಕ ಓದುವಾಗ ನಗು ತಡೆಯುವುದಿಲ್ಲ.

ಮರ್ಲಿನ್ನನ ಪಾಠವೆಂದರೆ ಶಿಷ್ಯನನ್ನು ಬೇರೊಂದು ಪ್ರಾಣಿಯಾಗಿ ಮಾರ್ಪಡಿಸುವುದು. ಕಂದಕದ ನೀರಿನಲ್ಲಿ ಹುಡುಗ ಮೀನಾಗುತ್ತಾನೆ. ಆ ನೀರಿಗೆ ಒಡೆಯನಾದ ಪೈಕ್ ಎಂಬ ಕಂಟಕ ಮೀನಿನಿಂದ ಬರಿಯ ಬಲದ ತತ್ವವನ್ನು ಕೇಳಿ, ಅದರ ಬಾಯಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಾನೆ. ಇನ್ನೊಂದು ರಾತ್ರಿ ಗಿಡುಗಗಳ ಮನೆಯಲ್ಲಿ ತಾನೂ ಗಿಡುಗವಾಗುತ್ತಾನೆ. ಅಲ್ಲಿಯ ಪಕ್ಷಿಗಳು ಹಳೆಯ ಸೇನಾಧಿಕಾರಿಗಳಂತೆ ಮಾತಾಡುತ್ತವೆ. ಅವುಗಳಲ್ಲಿ ಬುದ್ಧಿ ಕೆಟ್ಟ ಒಂದು ಗಾಸ್‌ಹಾಕ್. ಅದರ ಪಕ್ಕದಲ್ಲಿ ಗಂಟೆ ಬಾರಿಸುವವರೆಗೆ ನಿಲ್ಲುವುದು ಹುಡುಗನ ಧೈರ್ಯಕ್ಕೆ ಪರೀಕ್ಷೆ. ಚೆಲ್ಟೆನ್‌ಹ್ಯಾಮಿನ ವಸತಿಗೃಹದ ನೆರಳು ಈ ಅಧ್ಯಾಯದ ಮೇಲೆ ಬಿದ್ದಿದೆಯೆಂದು ನನ್ನ ಊಹೆ. ಹಾವು, ಗೂಬೆಗಳ ಸಂಗವೂ ಆಗುತ್ತದೆ. ಕಟ್ಟಕಡೆಯ ಪಾಠ ನೆಲದಡಿಯ ಬಿಲದಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯ ಬಳಿ.

ಇದನ್ನು ಓದುವಾಗ ನಮ್ಮವರಿಗೆ ಛಾಂದೋಗ್ಯದ ಸತ್ಯಕಾಮ ಜಾಬಾಲ ನೆನಪಾಗದಿರನು. ಅವನಿಗೂ ತಂದೆ ಯಾರೆಂದು ತಿಳಿಯದು. ನಾನೂರು ಬಡಕಲು ಹಸುಗಳೊಡನೆ ಗುರು ಅವನನ್ನು ಕಾಡಿಗೆ ಕಳುಹಿಸುತ್ತಾರೆ. ಅಲ್ಲಿ ಹೋರಿ, ಅಗ್ನಿ, ಹಂಸ, ನೀರುಹಕ್ಕಿ ಒಂದೊಂದು ಪಾದವಾಗಿ ಅವನಿಗೆ ಬ್ರಹ್ಮವನ್ನು ಬೋಧಿಸುತ್ತವೆ. ವೈಟನಿಗೆ ಈ ಕಥೆ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ನಮ್ಮ ದುರ್ಗಸಿಂಹನ ಪಂಚತಂತ್ರಕ್ಕೂ ಇದಕ್ಕೂ ಭೇದವೂ ಉಂಟು. ಅಲ್ಲಿ ಪ್ರಾಣಿಗಳು ಮನುಷ್ಯರ ಹಾಗೆ ಆಡುತ್ತವೆ, ರಾಜಕುಮಾರರು ಕುಳಿತು ಕೇಳುತ್ತಾರೆ. ಇಲ್ಲಿ ರಾಜಕುಮಾರನೇ ಚರ್ಮ ಬದಲಿಸಬೇಕು. ನೀರಿನ ತಣ್ಪು, ರೆಕ್ಕೆಯ ಭಾರ, ಬೇಟೆಯಾದವನ ಭಯ ಇವು ಅವನ ಮೈಗೇ ತಾಕಬೇಕು. ಮುಂದೆ ರಾಜನಾಗುವವನಿಗೆ, ತನ್ನ ಅಧಿಕಾರದ ಕೆಳಗೆ ಬರುವ ಜೀವದ ಒಳಗೆ ಹೊಕ್ಕು ನೋಡುವುದೇ ಶಿಕ್ಷಣ. ವಿಶೇಷವೆಂದರೆ, ಕೇಗೆ ಈ ಪಾಠವಿಲ್ಲ. ಒಡೆಯನ ಮಗನಿಗೆ ಕತ್ತಿವರಸೆ ಸಾಕು. ಅವನು ಕರುಬುತ್ತಾನೆ, ಹುಡುಗ ಗುರುವಿನ ಬಳಿ ಅವನ ಪರವಾಗಿ ಬೇಡಿಕೊಳ್ಳುತ್ತಾನೆ. ತರಗತಿಯಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಬೇಕಾದ ನಮ್ಮಂಥವರಿಗೆ ಮರ್ಲಿನ್ನನ ಈ ಪಕ್ಷಪಾತ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ವೈಟನಿಗೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲವೆಂದು ತೋರುತ್ತದೆ. ಕೇಯ ನೋವನ್ನು ಅವನು ಮರೆಮಾಚಿಲ್ಲ.

ಕೊನೆಗೆ ಲಂಡನ್ನಿನ ಚರ್ಚಿನ ಅಂಗಳದಲ್ಲಿ, ಕೇಗಾಗಿ ಒಂದು ಕತ್ತಿ ಬೇಕೆಂದು ಓಡಿಬಂದ ಹುಡುಗ ಕಲ್ಲಿನಲ್ಲಿದ್ದ ಖಡ್ಗಕ್ಕೆ ಕೈ ಹಚ್ಚುತ್ತಾನೆ. ತನಗೆ ಪಾಠ ಹೇಳಿದ ಪ್ರಾಣಿಗಳೆಲ್ಲ ಸುತ್ತ ನೆರೆದು, ತಾವು ಕಲಿಸಿದ್ದನ್ನು ನೆನಪಿಗೆ ತರುತ್ತವೆ. ಖಡ್ಗ ಬರುತ್ತದೆ. ಹುಡುಗನಿಗೆ ಸಂತೋಷವಾಗುವುದಿಲ್ಲ, ಸಾಕು ತಂದೆ ಮಂಡಿಯೂರಿದ್ದನ್ನು ಕಂಡು ಅಳುತ್ತಾನೆ. ತಂದೆಯ ಸ್ಥಾನದಲ್ಲಿದ್ದವನನ್ನು ಕಳೆದುಕೊಂಡದ್ದೇ ಅವನಿಗೆ ಸಿಂಹಾಸನದ ಮೊದಲ ಅನುಭವ.

ಪುಸ್ತಕವನ್ನು ಅಮೆರಿಕದ ಬುಕ್ ಆಫ್ ದಿ ಮಂತ್ ಕ್ಲಬ್ ಆರಿಸಿಕೊಂಡಿತು. ವೈಟನ ಬಡತನ ನೀಗಿತು. ಆದರೆ ಯುದ್ಧದ ಮೋಡ ಕವಿಯುತ್ತಿತ್ತು. 1939ರ ಫೆಬ್ರವರಿಯಲ್ಲಿ ಗೆಳೆಯ ಡೇವಿಡ್ ಗಾರ್ನೆಟ್ಟನ ಕರೆಯಂತೆ ಮೀನು ಹಿಡಿಯಲೆಂದು ಐರ್ಲೆಂಡಿಗೆ ಹೋದವನು, ಮೀತ್ ಪ್ರಾಂತದ ಡೂಲಿಸ್‌ಟೌನ್ ಎಂಬಲ್ಲಿ ಒಕ್ಕಲಿಗರ ಮನೆಯೊಂದರಲ್ಲಿ ಬಾಡಿಗೆಗಿದ್ದು, ಯುದ್ಧ ಮುಗಿಯುವವರೆಗೂ ಅಲ್ಲಿಯೇ ಉಳಿದ. ತಾನು ಹೋರಾಡಬೇಕೇ, ಬರೆಯಬೇಕೇ ಎಂಬ ತೊಳಲಾಟ ಅವನನ್ನು ಬಿಡಲಿಲ್ಲ. ಆರ್ಥರನ ಕಥೆಯ ಮುಂದಿನ ಭಾಗಗಳು ಆ ತೊಳಲಾಟದಲ್ಲಿಯೇ ಬಂದವು. 1939ರ ಎರಡನೆಯ ಭಾಗದಲ್ಲಿ ಮಕ್ಕಳನ್ನು ಕಡೆಗಣಿಸುವ ಒಬ್ಬ ಸುಂದರಿ ರಾಣಿ ಬರುತ್ತಾಳೆ. ಅವಳು ತನ್ನ ತಾಯಿಯ ಮೇಲೆ ವೈಟ್ ತೀರಿಸಿಕೊಂಡ ಹಗೆಯೆಂದು ಪಾಟ್ಸ್ ಮೊದಲಾದ ಗೆಳೆಯರಿಗೆ ತಿಳಿಯದೆ ಹೋಗಲಿಲ್ಲ. ಅದನ್ನು ಅವನು ಮತ್ತೆ ಮತ್ತೆ ತಿದ್ದಬೇಕಾಯಿತು. 1940ರ ಮೂರನೆಯ ಭಾಗದ ನಾಯಕ ಲಾನ್ಸಲಟ್. ಬೇರೆ ಕವಿಗಳ ಲಾನ್ಸಲಟ್ ಮನ್ಮಥನಂಥವನು, ವೈಟನವನು ಕುರೂಪಿ. ತನ್ನೊಳಗೆ ಕ್ರೌರ್ಯವಿದೆಯೆಂದು ಬಲ್ಲವನಾದ್ದರಿಂದಲೇ ಲೋಕದಲ್ಲೆಲ್ಲ ಅತ್ಯಂತ ಮೃದುವಾದ ವೀರನಾಗಿ ನಡೆಯಲು ಹೆಣಗುವವನು. ಗಿಡುಗವನ್ನು ಹಿಡಿದು ಮೂರು ರಾತ್ರಿ ನಿಂತ ಮನುಷ್ಯನೇ ಇವನು.

1941ರಲ್ಲಿ ಕೊನೆಯ ಭಾಗವೆಂದು ‘ದಿ ಬುಕ್ ಆಫ್ ಮರ್ಲಿನ್’ ಬರೆದು ಕಳುಹಿಸಿದ. ಯುದ್ಧಕಾಲ, ಕಾಗದದ ಅಭಾವ, ಜೊತೆಗೆ ಪುಸ್ತಕದ ತುಂಬ ಯುದ್ಧವಿರೋಧದ ಉಪನ್ಯಾಸ; ಪ್ರಕಾಶಕರು ಒಪ್ಪಲಿಲ್ಲ. 1944ರ ನವೆಂಬರಿನಲ್ಲಿ, ಅವನು ಕೆಲವು ಗಂಟೆಗಳ ಮಟ್ಟಿಗೆ ಡಬ್ಲಿನ್ನಿಗೆ ಹೋಗಿದ್ದಾಗ ಬ್ರೌನಿ ಸತ್ತಿತು. ಜೀವಮಾನದಲ್ಲಿ ಯಾರನ್ನೂ ಸುಲಭವಾಗಿ ಪ್ರೀತಿಸಲಾರದವನು ಆ ನಾಯಿಯನ್ನು ಪ್ರೀತಿಸಿದ್ದ. ಅವನು ಗಾರ್ನೆಟ್ಟನಿಗೆ ಬರೆದ ಕಾಗದಗಳನ್ನು ಓದಿದರೆ ನಾಯಿಯ ವಿಷಯವೆಂದು ಯಾರೂ ನಗಲಾರರು.

1946ರಿಂದ ಅವನ ನೆಲೆ ಆಲ್ಡರ್ನಿ ಎಂಬ ಪುಟ್ಟ ದ್ವೀಪ. ಅಲ್ಲಿ ಅವನು ಅತಿಯಾಗಿ ಕುಡಿದದ್ದುಂಟು, ಜಗಳವಾಡಿದ್ದುಂಟು. ಅಲ್ಲಿಯೇ, ಕಣ್ಣೂ ಕಿವಿಯೂ ಇಲ್ಲದವರೊಡನೆ ಮಾತಾಡುವ ಬೆರಳ ಭಾಷೆಯನ್ನು ಕಲಿತು, ಅಂಥವರನ್ನು ಬೇಸಗೆಯಲ್ಲಿ ತನ್ನ ಮನೆಗೆ ಅತಿಥಿಗಳಾಗಿ ಕರೆದು ಉಪಚರಿಸಿದ್ದೂ ಉಂಟು. ಲಿಲಿಪುಟ್ಟಿನ ಜನರನ್ನು ಕಂಡುಹಿಡಿಯುವ ಒಬ್ಬ ಅನಾಥ ಹುಡುಗಿಯ ಕಾದಂಬರಿ 1946ರಲ್ಲಿ ಬಂತು; ಚಿಕ್ಕವರ ಮೇಲೆ ದೊಡ್ಡವರಿಗೆ ಇರುವ ಅಧಿಕಾರವೇ ಅದರ ವಸ್ತು. ಹನ್ನೆರಡನೆಯ ಶತಮಾನದ ಲ್ಯಾಟಿನ್ ಪ್ರಾಣಿಗ್ರಂಥವೊಂದನ್ನು ಇಂಗ್ಲಿಷಿಗೆ ತಂದದ್ದು 1954ರಲ್ಲಿ. ಆರ್ಥರನ ಎಲ್ಲ ಭಾಗಗಳನ್ನೂ ತಿದ್ದಿ, ನಾಲ್ಕನೆಯದೊಂದನ್ನು ಕೂಡಿಸಿ, ‘ದಿ ಒನ್ಸ್ ಅಂಡ್ ಫ್ಯೂಚರ್ ಕಿಂಗ್’ ಎಂಬ ಒಂದೇ ಸಂಪುಟವಾಗಿ 1958ರಲ್ಲಿ ಹೊರತಂದ. ಅಪ್ರಕಟಿತವಾಗಿ ಉಳಿದಿದ್ದ ಪುಸ್ತಕದಿಂದ ಇರುವೆಗಳ ಪ್ರಸಂಗವನ್ನೂ ಹೆಬ್ಬಾತುಗಳ ಪ್ರಸಂಗವನ್ನೂ ಎತ್ತಿ ಹುಡುಗನ ಪಾಠಗಳಿಗೆ ಸೇರಿಸಿದ. ಅಪ್ಪಣೆಯ ಹೊರತು ಬೇರೊಂದು ಯೋಚನೆಯಿಲ್ಲದ ಇರುವೆಗಳ ರಾಜ್ಯ ಒಂದು ಕಡೆ, ಎಲ್ಲೆಕಟ್ಟುಗಳೇ ಇಲ್ಲದ ಆಕಾಶದಲ್ಲಿ ಹಾರುವ ಬಾತುಗಳು ಇನ್ನೊಂದು ಕಡೆ. ಪ್ರೌಢರು ಈ ರೂಪವನ್ನೇ ಮೆಚ್ಚುತ್ತಾರೆ. ನನಗೆ ಮಾತ್ರ 1938ರ ಮೊದಲ ರೂಪವೇ ಹೆಚ್ಚು ಪ್ರಿಯ. ಅಲ್ಲಿ ಲೇಖಕನ ಕೈ ಸಡಿಲವಾಗಿದೆ, ಹಾಸ್ಯಕ್ಕೆ ಇನ್ನೂ ಜಾಗವಿದೆ.

ಕೀರ್ತಿ ಕೊನೆಯಲ್ಲಿ ಒಟ್ಟಿಗೆ ಬಂತು. ಪುಸ್ತಕವನ್ನು ಆಧರಿಸಿದ ‘ಕ್ಯಾಮಲಾಟ್’ ಎಂಬ ಗೀತನಾಟಕ 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಂಗವೇರಿ ಅವನನ್ನು ಶ್ರೀಮಂತನನ್ನಾಗಿ ಮಾಡಿತು. 1963ರಲ್ಲಿ ಡಿಸ್ನಿಯವರ ವ್ಯಂಗ್ಯಚಲನಚಿತ್ರ ಬಂತು. ಆ ವರ್ಷವೇ ಅಮೆರಿಕದ ಊರೂರುಗಳಲ್ಲಿ ಉಪನ್ಯಾಸ ಮಾಡುತ್ತ ತಿರುಗಿದ. ಉಪಾಧ್ಯಾಯ ವೃತ್ತಿ ಬಿಟ್ಟು ಇಪ್ಪತ್ತೇಳು ವರ್ಷಗಳಾದ ಮೇಲೆ ಮತ್ತೆ ವಿದ್ಯಾರ್ಥಿಗಳೆದುರು ನಿಂತದ್ದು ಅವನಿಗೆ ಬಹು ಹಿತವಾಗಿತ್ತು. ಅಲ್ಲಿಂದ ಹೊರಟವನು 1964ನೆಯ ಜನವರಿ 17ರಂದು, ಅಥೆನ್ಸಿನ ಬಂದರಾದ ಪಿರೇಯಸ್ಸಿನಲ್ಲಿ ನಿಂತಿದ್ದ ಹಡಗಿನ ಕೋಣೆಯಲ್ಲಿ ಹೃದಯದ ಬೇನೆಯಿಂದ ತೀರಿಕೊಂಡ. ವಯಸ್ಸು ಐವತ್ತೇಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಥೆನ್ಸಿನಲ್ಲಿಯೇ ಮಣ್ಣು ಮಾಡಿದರು.

ತಿರಸ್ಕೃತವಾಗಿದ್ದ ‘ದಿ ಬುಕ್ ಆಫ್ ಮರ್ಲಿನ್’ 1977ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಹೊರಬಿತ್ತು. ಅದರಲ್ಲಿ ಆರ್ಥರ್ ಮುದುಕ. ಬೆಳಗಾದರೆ ಮಗನೊಡನೆ ಕೊನೆಯ ಯುದ್ಧ. ಆ ರಾತ್ರಿ ಮರ್ಲಿನ್ ಮತ್ತೆ ಬಂದು, ಅವನನ್ನು ಬಾಲ್ಯದ ಪ್ರಾಣಿಗಳಿರುವ ಬಿಲಕ್ಕೆ ಕರೆದೊಯ್ದು, ಉಳಿದ ಪಾ��ಗಳನ್ನು ಹೇಳುತ್ತಾನೆ. ಪಾಠ ದೀರ್ಘವಾಗಿದೆ; ಗುರುವಿಗೆ ಅವಸರ, ವಾದದ ಮೇಲೆ ವಾದ; ಶಿಷ್ಯ ದಣಿದಿದ್ದಾನೆ. ಪ್ರಕಾಶಕರು ಅಂದು ಬೇಡವೆಂದದ್ದರಲ್ಲಿ ಅರ್ಥವಿಲ್ಲದಿರಲಿಲ್ಲ. ಆದರೆ ನಡುವೆ ಒಂದು ಪ್ರಸಂಗ ಬರುತ್ತದೆ. ಪಂಡಿತರ ವಾದವನ್ನು ಬಿಟ್ಟು, ಒಂದು ಮುಳ್ಳುಹಂದಿ, ಓದುಬರಹ ಬಾರದ ಬಡಪ್ರಾಣಿ, ರಾಜನನ್ನು ಗುಡ್ಡದ ನೆತ್ತಿಗೆ ಕರೆದೊಯ್ಯುತ್ತದೆ. ಇಬ್ಬರೂ ಬೆಳುದಿಂಗಳಿನಲ್ಲಿ ಕುಳಿತು ಮಲಗಿರುವ ದೇಶವನ್ನು ನೋಡುತ್ತಾರೆ. ಮುಳ್ಳುಹಂದಿ ತನಗೆ ಬರುವ ಒಂದೆರಡು ಹಾಡುಗಳನ್ನು ಹಾಡುತ್ತದೆ. ರಾಜ ಮಾತಾಡದೆ ಕೇಳುತ್ತಾನೆ.